ನಾಲ್ಕನೇ ಮಹಡಿಯ ಪರದೆ, ನಮ್ಮ ದಿಂಬಿನ ಬಟ್ಟೆ

ನನ್ನ ಗಂಡ ಸತ್ತ ಮೂರು ವಾರಕ್ಕೆ ನಾನು ಕೆಲಸಕ್ಕೆ ವಾಪಸ್ ಹೋದೆ. ಬೆಳಿಗ್ಗೆ ಆರು ಗಂಟೆ. ಕಟ್ಟಡದ ಬಾಗಿಲಲ್ಲೇ ಕಾವಲುಗಾರನ ಮೇಜು. ಅದನ್ನು ಒರೆಸುವುದು ನನ್ನ ಮೊದಲ ಕೆಲಸ. ಒರೆಸುತ್ತಾ ಹೋದವಳು ನಿಂತುಬಿಟ್ಟೆ. ಮೇಜಿನ ಒಳಮಗ್ಗುಲಲ್ಲಿ, ಕೂತವನ ಕಣ್ಣಿಗೆ ಮಾತ್ರ ಬೀಳುವ ಜಾಗದಲ್ಲಿ, ನನ್ನ ಗಂಡನ ಫೋಟೊ ಅಂಟಿಸಿದ್ದರು. ಆಫೀಸಿನ ಗುರುತಿನ ಕಾರ್ಡಿನ ಫೋಟೊ. ಒಂದು ಕಿವಿ ಸ್ವಲ್ಪ ಮುಂದೆ ಬಂದಿರುವುದು.

ಪರವಾಗಿಲ್ಲ, ಈ ಆಫೀಸಿನವರಿಗೂ ಮನುಷ್ಯತ್ವ ಇದೆ ಅಂದುಕೊಂಡೆ. ಹನ್ನೊಂದು ವರ್ಷ ಇಲ್ಲೇ ದುಡಿದವರು, ನೆನಪಿಗೆ ಫೋಟೊ ಇಟ್ಟಿದ್ದಾರೆ ಅಂತ. ಒದ್ದೆ ಬಟ್ಟೆ ತಾಗದ ಹಾಗೆ ಸುತ್ತ ಒರೆಸಿದೆ.

ಕಾವಲುಗಾರ ಕುರ್ಚಿಯಿಂದ ಎದ್ದು ನಿಂತ. "ಅಮ್ಮಾ, ಅದು ನೀವು ಅಂದ್ಕೊಂಡ ಹಾಗಲ್ಲ."

"ಮತ್ತೆ ಹೇಗೆ?"

"ಕೆಳಗೆ ಬರೆದಿದ್ದಾರಲ್ಲ."

ಕೆಳಗಿನ ಅಕ್ಷರ ಇರುವೆ ಸಾಲಿನಷ್ಟು ಸಣ್ಣಗಿತ್ತು. ನಾನು ಓದಿದ್ದು ಐದನೇ ಕ್ಲಾಸು. ಕನ್ನಡಕ ಬೇರೆ ಮನೆಯಲ್ಲಿತ್ತು. "ನೀನೇ ಓದಪ್ಪ" ಅಂದೆ.

ಅವನು ಬಗ್ಗಿ ಓದಿದ. "ಈ ವ್ಯಕ್ತಿಯನ್ನು ಒಳಗೆ ಬಿಡಬಾರದು. ನಾಲ್ಕನೇ ಮಹಡಿಯ ಹತ್ತಿರ ಕಂಡರೆ ಕೂಡಲೇ ತಿಳಿಸಿ."

"ಸತ್ತವರು ಹೇಗಪ್ಪ ಬರ್ತಾರೆ?"

"ತೆಗಿ ಅಂತ ಯಾರೂ ಹೇಳ್ಲಿಲ್ಲಮ್ಮ. ಹೇಳದೆ ನಾನು ಹೇಗೆ ತೆಗೀಲಿ?"

ಆ ಫೋಟೊ ಅಲ್ಲಿಗೆ ಹೇಗೆ ಬಂತು, ಅಲ್ಲಿಂದ ಹೇಗೆ ಹೋಯಿತು ಅಂತ ಬರೆಯಲು ಕೂತಿದ್ದೇನೆ. ಅದಕ್ಕೆ ಮೊದಲು ಆ ಮನುಷ್ಯ ಯಾರು ಅಂತ ಹೇಳಬೇಕು. ನಾನು ಹೇಳದಿದ್ದರೆ ಇನ್ನು ಯಾರು ಹೇಳುತ್ತಾರೆ.

ಅವರು ಪರದೆ ಮೇಲೆ ಚಿತ್ರ ಬರುವ ಹಾಗೆ ಮಾಡುವವರು. ಹದಿನಾರನೇ ವಯಸ್ಸಿನಿಂದ ಸಾಯುವವರೆಗೂ ಅದೊಂದೇ ಕೆಲಸ. ಮೊದಲು ಒಂದು ಟಿವಿ ರಿಪೇರಿ ಅಂಗಡಿಯಲ್ಲಿದ್ದರು. ಆಗೆಲ್ಲ ತಾರಸಿ ಮೇಲೆ ಆಂಟೆನಾ. ಇವರು ಮೇಲೆ ನಿಂತು ಅದನ್ನು ಒಂದೊಂದು ಬೆರಳಿನಷ್ಟು ತಿರುಗಿಸಬೇಕು. ಮನೆಯೊಳಗೆ ಒಬ್ಬರು ಟಿವಿ ನೋಡುತ್ತಾ ಕೂಗಿ ಹೇಳಬೇಕು. ನಮ್ಮ ಮನೆಗೆ ಬಂದ ದಿನ ಹಾಗೆ ಕೂಗುವ ಕೆಲಸ ನನ್ನದಾಯಿತು. ನನಗೆ ಹತ್ತೊಂಬತ್ತು.

"ಬಂತಾ?"

"ಇಲ್ಲ!"

"ಈಗ ಬಂತಾ?"

"ಬರೀ ಹುಳ ಹುಳ!"

ಚಿತ್ರ ಮೂರನೇ ತಿರುವಿಗೇ ಬಂದಿತ್ತು. ಕನ್ನಡಿಯ ಹಾಗೆ ಇತ್ತು. ನಾನು ಸುಮ್ಮನೆ ಆಟ ಆಡಿಸಿದೆ. ಅರ್ಧ ಗಂಟೆ ಆ ಬಿಸಿಲಲ್ಲಿ ಮನುಷ್ಯ ತಿರುಗಿಸುತ್ತಲೇ ಇದ್ದರು. ಇಳಿದಾಗ ಮುಖ ಕೆಂಪಗೆ ಬೆಂದಿತ್ತು. ಒಂದು ಲೋಟ ನೀರು ಕೇಳಿದರು, ಅಷ್ಟೇ.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಬಾಯಿ ಬಿಟ್ಟರು. "ಅವತ್ತು ನೀನು ಸುಳ್ಳು ಹೇಳ್ತಿದ್ದೆ ಅಂತ ನಂಗೆ ಗೊತ್ತಿತ್ತು. ಎದುರು ಮನೆ ಕಿಟಕಿ ಗಾಜಲ್ಲಿ ನಿಮ್ಮ ಟಿವಿ ಕಾಣ್ತಿತ್ತು."

"ಅಯ್ಯೋ, ಮತ್ತೆ ಇಳೀಬಾರ್ದಿತ್ತಾ ರೀ?"

"ಇಳಿದಿದ್ರೆ ನೀನು ಸುಳ್ಳಿ ಅಂತ ನಿಮ್ಮಪ್ಪನಿಗೆ ಗೊತ್ತಾಗ್ತಿತ್ತಲ್ಲ."

ಆಗ ನಕ್ಕಿದ್ದೆ.

ಆಂಟೆನಾಗಳು ಹೋದವು, ಅಂಗಡಿ ಮುಚ್ಚಿತು. ಇವರು ಈ ದೊಡ್ಡ ಕಟ್ಟಡಕ್ಕೆ ಸೇರಿದರು. ಆರು ಮಹಡಿ, ಮೂವತ್ತೊಂದು ಮೀಟಿಂಗ್ ರೂಮು. ಪ್ರತಿ ರೂಮಿನ ಗೋಡೆಗೂ ಪರದೆ. ಲ್ಯಾಪ್‌ಟಾಪಿಗೆ ವೈರು ಚುಚ್ಚಿದರೆ ಅದರಲ್ಲಿರುವುದು ಗೋಡೆ ಮೇಲೆ ಕಾಣಬೇಕು. ದೂರದ ಊರುಗಳಲ್ಲಿ ಕೂತವರ ಮುಖವೂ ಕಾಣಬೇಕು. ಅಷ್ಟೇ. ಆ ಅಷ್ಟೇ ಆಗದೆ ಇಪ್ಪತ್ತು ಜನ ಕೋಟು ಹಾಕಿಕೊಂಡು ನೀಲಿ ಪರದೆ ನೋಡುತ್ತಾ ಕೂತಾಗ ಇವರಿಗೆ ಫೋನು. ಇವರು ಹೋಗಿ ಮೇಜಿನ ಕೆಳಗೆ ತೂರಿಕೊಂಡು, ಏನೋ ತಿರುವಿ, ಅಲ್ಲಿಂದಲೇ "ಬಂತಾ?" ಅನ್ನುವರು. ಅದಕ್ಕೇ ಇಡೀ ಆಫೀಸಿನಲ್ಲಿ ಇವರ ಹೆಸರು ಬಂತಾ ಅಂತಲೇ ಆಯಿತು. ದೊಡ್ಡವರೂ ಹಾಗೇ ಕರೆಯುವರು. ಇವರಿಗೆ ಬೇಜಾರಿರಲಿಲ್ಲ.

ಇವರ ಪ್ರಕಾರ ಅನುಮಾನಕ್ಕೆ ಒಂದು ಸಾಲು ಇದೆ. ಮೊದಲು ಮನುಷ್ಯನನ್ನು ಅನುಮಾನಿಸಬೇಕು, ಯಾವ ಗುಂಡಿ ಒತ್ತಿದನೋ ಅಂತ. ಆಮೇಲೆ ರಿಮೋಟು. ಆಮೇಲೆ ವೈರು. ಆಮೇಲೆ ವೈರು ಹೋಗಿ ಸೇರುವ ಪೆಟ್ಟಿಗೆ. ಎಲ್ಲಕ್ಕೂ ಕೊನೆಗೆ ಪರದೆ. "ಎಲ್ರೂ ಬೈಯೋದು ಪರದೆಗೆ. ಪಾಪ, ಅದು ಕೊಟ್ಟಿದ್ದನ್ನ ತೋರಿಸುತ್ತೆ, ಕೊಡದೆ ಇದ್ರೆ ಕೊಟ್ಟಿಲ್ಲ ಅಂತ ತೋರಿಸುತ್ತೆ" ಅನ್ನುವರು. ಮನೆಯಲ್ಲೂ ಅದೇ ನಿಯಮ. ಕತ್ತರಿ ಕಾಣದಿದ್ದರೆ ಬೆರಳು ನನ್ನ ಕಡೆಗೆ. "ಮೊದಲು ಮನುಷ್ಯ." ಸಾಮಾನ್ಯವಾಗಿ ಸರಿಯಾಗೇ ಇರುತ್ತಿತ್ತು.

ಇನ್ನೊಂದು ಅಭ್ಯಾಸ ಇತ್ತು. ತಪ್ಪು ಮನುಷ್ಯನದ್ದೇ ಆಗಿದ್ದರೂ ಅವರ ಮುಂದೆ ಹೇಳುತ್ತಿರಲಿಲ್ಲ. ಒಂದು ಸಲ ಆಫೀಸಿನ ಎಲ್ಲರಿಗಿಂತ ದೊಡ್ಡ ಸಾಹೇಬರೇ ಏನೋ ಒತ್ತಿ ಚಿತ್ರ ತಲೆಕೆಳಗು ಮಾಡಿಕೊಂಡಿದ್ದರಂತೆ. ಎಲ್ಲರೂ ಕತ್ತು ತಿರುಚಿಕೊಂಡು ನೋಡುತ್ತಿದ್ದರಂತೆ. ಇವರು ಮೇಜಿನ ಕೆಳಗೆ ಸುಮ್ಮನೆ ಒಂದು ನಿಮಿಷ ಕೂತು, ಎದ್ದು, ಲ್ಯಾಪ್‌ಟಾಪಿನಲ್ಲಿ ಸರಿ ಮಾಡಿ, "ವೈರು ಸಡಿಲ ಇತ್ತು ಸಾರ್" ಅಂದರಂತೆ. ಹನ್ನೊಂದು ವರ್ಷ ಎಷ್ಟೋ ಜನರ ಮಾನವನ್ನು ಆ ವೈರಿನ ಮೇಲೆ ಹಾಕಿ ಉಳಿಸಿದರು. ಮುಂದೆ ಅದೇ ಇವರ ಕುತ್ತಿಗೆಗೆ ಬಂತು.

ಎಂಟು ತಿಂಗಳ ಹಿಂದೆ ನಾನೂ ಅದೇ ಕಟ್ಟಡಕ್ಕೆ ಸೇರಿದೆ. ಗುಡಿಸಿ ಒರೆಸುವ ಕೆಲಸ. ಅದು ಬೇರೆ ಗುತ್ತಿಗೆ ಕಂಪನಿ. ಕಟ್ಟಡದ ನೌಕರರ ಮನೆಯವರನ್ನು ತೆಗೆದುಕೊಳ್ಳಬಾರದು ಅಂತ ಅವರ ಕಾನೂನು, ಹಾಗಾಗಿ ಗಂಡ ಇಲ್ಲೇ ಇದ್ದಾರೆ ಅಂತ ನಾನು ಬರೆಸಲಿಲ್ಲ. ನಾನು ಆರಕ್ಕೆ ಬಂದು ಎಂಟರೊಳಗೆ ಮೀಟಿಂಗ್ ರೂಮುಗಳನ್ನು ಮುಗಿಸಿ ಶೌಚಾಲಯಗಳ ಕಡೆ ಹೋಗುತ್ತಿದ್ದೆ. ಅವರು ಬರುವುದು ಎಂಟಕ್ಕೆ. ಎದುರು ಸಿಕ್ಕರೆ ಗುರುತಿಲ್ಲದವರ ಹಾಗೆ ದಾಟುತ್ತಿದ್ದೆವು. ಒಮ್ಮೆ ಲಿಫ್ಟಿನಲ್ಲಿ "ಎಷ್ಟನೇ ಮಹಡಿ ಅಮ್ಮಾ?" ಅಂತ ಕೇಳಿದರು, ಮುಖ ಗಂಟು ಹಾಕಿಕೊಂಡು. ಮನೆಗೆ ಬಂದು ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಕಾವಲುಗಾರನೊಬ್ಬನಿಗೆ ಗೊತ್ತಿತ್ತು. ಅವನು ಯಾರಿಗೂ ಹೇಳಲಿಲ್ಲ.

ಐದು ತಿಂಗಳಾದ ಮೇಲೆ ನನ್ನನ್ನು ನಾಲ್ಕನೇ ಮಹಡಿಗೆ ಹಾಕಿದರು. ಅಲ್ಲಿ ಕಟ್ಟಡದ ಅತಿ ದೊಡ್ಡ ಮೀಟಿಂಗ್ ರೂಮು. ಗಾಜಿನ ಗೋಡೆ, ಇಪ್ಪತ್ತು ಕುರ್ಚಿ, ದೋಣಿಯಷ್ಟು ಉದ್ದದ ಮೇಜು. ಮೇಜಿನ ನಡುವಿನ ತೂತಿನಿಂದ ಕರಿ ವೈರು ಮೇಲೆ ಬರುತ್ತದೆ. ಕೆಳಗೆ ಅದು ದೊಡ್ಡ ಸುರುಳಿಯಾಗಿ ನೆಲದ ಮೇಲೆ ಬಿದ್ದಿರುತ್ತದೆ, ಇನ್ನೊಂದು ತುದಿ ನೆಲದಲ್ಲಿರುವ ಸಾಕೆಟ್ಟಿಗೆ. ನಮ್ಮ ಸೂಪರ್‌ವೈಸರ್ ಮೇಡಂ ಪ್ರತಿ ದಿನ ಫೋನು ಹಿಡಿದುಕೊಂಡು ಬಂದು ಮೂಲೆ ಮೂಲೆ ಫೋಟೊ ತೆಗೆಯುವಳು. ಮೊದಲನೇ ದಿನವೇ ನನಗೆ ತೋರಿಸಿದಳು. "ಇದೇನು, ಹಾವು ಬಿದ್ದ ಹಾಗೆ ಬಿದ್ದಿದೆ? ನಾಳೆಯಿಂದ ವೈರು ಕಾಣಬಾರದು."

ಕಾಣದ ಹಾಗೆ ಮಾಡಿದೆ. ಮೇಜಿನ ಕಾಲಿಗೆ ಬಿಗಿಯಾಗಿ ಸುತ್ತಿ ಒಂದು ಬಟ್ಟೆ ಪಟ್ಟಿಯಿಂದ ಕಟ್ಟಿದೆ. ಮನೆಯಲ್ಲಿ ಹಳೆ ದಿಂಬಿನ ಕವರು ಇತ್ತು, ಸಣ್ಣ ಹಳದಿ ಹೂವಿನದು. ಅದರ ಅಂಚು ಹರಿದು ತಂದಿದ್ದೆ. ಎರಡು ಗಂಟು ಹಾಕಿದೆ. ಮೇಡಂ ನೋಡಿ "ಹಾಂ, ಹೀಗಿರಬೇಕು" ಅಂದಳು. ಅವಳ ಬಾಯಲ್ಲಿ ಅಂಥ ಮಾತು ಬಂದದ್ದು ಅದೊಂದೇ ಸಲ.

ಮರುದಿನ ಹೋದರೆ ವೈರು ಮತ್ತೆ ನೆಲದ ಮೇಲೆ, ಸುರುಳಿಯಾಗಿ. ಪಟ್ಟಿ ಇಲ್ಲ. ಮತ್ತೆ ಕಟ್ಟಿದೆ. ಅದರ ಮರುದಿನವೂ ಇಲ್ಲ. ಗಾಜು ಒರೆಸುವವಳ ಮೇಲೆ ನನಗೆ ಅನುಮಾನ ಬಂತು. ಅವಳಿಗೆ ಕಂಡಿದ್ದೆಲ್ಲ ಚೀಲಕ್ಕೆ ಹಾಕಿಕೊಳ್ಳುವ ಚಟ.

"ನನ್ನ ಬಟ್ಟೆ ಪಟ್ಟಿ ನೀನು ತಗೊಂಡ್ಯಾ?" ಅಂದೆ.

"ನಿನ್ನ ಹರಕು ದಿಂಬಿನ ಬಟ್ಟೆ ತಗೊಂಡು ನಾನೇನು ಮದುವೆ ಬಟ್ಟೆ ಹೊಲಿಸ್ಕೊಳ್ಲಾ?"

"ಯಾರಿಗೆ ಗೊತ್ತು. ನಿನ್ನ ಚೀಲ ನಿನಗೇ ಗೊತ್ತು."

ಆಮೇಲೆ ಒಂದು ವಾರ ಮಾತಿಲ್ಲ.

ಇದೇ ಹೊತ್ತಿಗೆ ಆ ದೊಡ್ಡ ರೂಮಿನ ಪರದೆ ತೊಂದರೆ ಕೊಡಲು ಶುರುವಾಯಿತು. ಮೀಟಿಂಗ್ ನಡುವೆ ಚಿತ್ರ ಹೋಗುವುದು, ಬರುವುದು, ಹೋಗುವುದು. ಇವರು ಹೋಗಿ ನೋಡಿದರೆ ಸರಿ ಇರುವುದು. ಎಂಟು ಗಂಟೆಗಿಂತ ಮೊದಲೇ ದೂರದ ಊರಿನವರ ಜೊತೆ ಮೀಟಿಂಗ್ ಇದ್ದ ದಿನ ಹೋಗಿಯೇ ಹೋಗುವುದು. ಇವರು ಹೊಸ ವೈರು ಹಾಕಿದರು. ಎರಡು ವಾರ ಕಳೆದ ಮೇಲೆ ಅದೂ ಹಾಗೇ ಆಯಿತು.

ಒಂದು ಸಂಜೆ ಊಟಕ್ಕೆ ಕೂತಾಗ ಕೇಳಿದರು. "ನಾಲ್ಕನೇ ಮಹಡಿ ದೊಡ್ಡ ರೂಮು ಗುಡಿಸೋದು ಯಾರು?"

ಹಿಂದಿನ ವಾರವೇ ನಮ್ಮ ಪೈಕಿ ಒಬ್ಬಳು ಮೈಕಿನ ಮೇಲೆ ನೀರು ಚೆಲ್ಲಿ ಕೆಲಸ ಕಳೆದುಕೊಂಡಿದ್ದಳು.

"ಯಾರ್ಯಾರೋ ಗುಡಿಸ್ತಾರೆ. ಯಾಕೆ?"

"ಮೇಜಿನ ಕೆಳಗಿನ ವೈರನ್ನ ಯಾರೋ ಕಾಲಿಗೆ ಸುತ್ತಿ ಕಟ್ತಿದ್ದಾರೆ."

"ನಾನಂತೂ ವೈರು ಮುಟ್ಟಲ್ಲಪ್ಪ. ಕರೆಂಟು ಅಂದ್ರೆ ನಂಗೆ ಭಯ."

ನನ್ನ ಮುಖ ನೋಡಿದರು. ಸ್ವಲ್ಪ ಜಾಸ್ತಿ ಹೊತ್ತೇ ನೋಡಿದರು. ಆಮೇಲೆ ತಟ್ಟೆ ನೋಡಿದರು. "ಸರಿ ಬಿಡು. ಕಟ್ಟೋರು ಯಾರಾದ್ರೂ ಸಿಕ್ಕಿದ್ರೆ ಕಟ್ಟಬೇಡಿ ಅನ್ನು, ಇಷ್ಟೇ."

ನಾನು ಏನು ತಿಳಿದುಕೊಂಡೆ ಅಂದರೆ, ಗಂಟು ಹೊರಗೆ ಕಾಣುತ್ತಿದೆ, ಯಾರೋ ದೂರು ಹೇಳಿದ್ದಾರೆ ಅಂತ. ಮರುದಿನ ಇನ್ನೂ ಬಿಗಿಯಾಗಿ ಕಟ್ಟಿ ಗಂಟನ್ನು ಕಾಲಿನ ಹಿಂದಕ್ಕೆ ತಳ್ಳಿದೆ. ಯಾರು ಬಗ್ಗಿ ನೋಡಿದರೂ ಕಾಣುವ ಹಾಗಿರಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಕಟ್ಟಡದ ಮ್ಯಾನೇಜರನ್ನು ನಾವು ಕೀಲಿಕೈ ಸಾಹೇಬ ಅನ್ನುತ್ತಿದ್ದೆವು. ಸೊಂಟದಲ್ಲಿ ಯಾವಾಗಲೂ ದೊಡ್ಡ ಗೊಂಚಲು. ಮನುಷ್ಯ ಬರುವುದು ಎರಡು ನಿಮಿಷ ಮುಂಚೆಯೇ ಕಿವಿಗೆ ಗೊತ್ತಾಗುವುದು. ಅವನಿಗೆ ಇವರ ಮೇಲೆ ಅನುಮಾನ ಹುಟ್ಟಿತು. ಹೊರಗಿನ ಜನರ ಮುಂದೆ ಎರಡು ಸಲ ಪರದೆ ಆರಿ ಮೇಲಿನವರಿಂದ ಬೈಸಿಕೊಂಡಿದ್ದ. ಗಾಜಿನ ಗೋಡೆಯ ಹೊರಗಿರುವ ಕ್ಯಾಮೆರಾದ ಚಿತ್ರ ತೆಗೆಸಿ ನೋಡಿದ. ಪ್ರತಿ ದಿನ ಎಂಟಕ್ಕೆ ಬಂತಾ ಒಬ್ಬರೇ ರೂಮಿಗೆ ಹೋಗುತ್ತಾರೆ. ಮೇಜಿನ ಕೆಳಗೆ ತೂರುತ್ತಾರೆ. ಐದು ನಿಮಿಷ ಕಳೆದು ಹೊರಗೆ ಬರುತ್ತಾರೆ. ಬರುವಾಗ ಏನೋ ಒಂದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಚೀಲಕ್ಕೆ ಹಾಕುತ್ತಾರೆ. ಆರು ಗಂಟೆಯ ಚಿತ್ರವನ್ನು ಅವನು ನೋಡಲಿಲ್ಲ. ಗುಡಿಸುವವರನ್ನು ಯಾರು ನೋಡುತ್ತಾರೆ.

ಆ ಚಿತ್ರವನ್ನು ಇವರಿಗೆ ಅದೇ ರೂಮಿನಲ್ಲಿ, ಇವರೇ ಗೋಡೆಗೆ ಹಾಕಿದ ಪರದೆಯಲ್ಲಿ ತೋರಿಸಿದರಂತೆ. ಕಾವಲುಗಾರ ಅಲ್ಲಿದ್ದ, ಅವನೇ ಹೇಳಿದ್ದು. ಅವತ್ತು ಚಿತ್ರ ಒಂದು ಸಲವೂ ಹೋಗಲಿಲ್ಲವಂತೆ.

"ಏನದು ಚೀಲಕ್ಕೆ ಹಾಕ್ಕೊಂಡಿದ್ದು?"

"ಏನಿಲ್ಲ ಸಾರ್. ಕಸ."

"ಕಸ ತೆಗೆಯೋಕೆ ಬೇರೆ ಜನ ಇದ್ದಾರೆ. ನೀನ್ಯಾಕೆ ತೆಗೀತೀಯ?"

ಇವರು ತಲೆ ತಗ್ಗಿಸಿ ಮೇಜಿನ ಕಾಲು ನೋಡಿದರಂತೆ.

"ಪರದೆ ಯಾಕೆ ಹೋಗ್ತಿದೆ, ಅದಾದ್ರೂ ಹೇಳು."

"ವೈರು ಸಡಿಲ ಸಾರ್."

"ಹನ್ನೊಂದು ವರ್ಷದಿಂದ ಅದೊಂದೇ ಮಾತು! ಪ್ರತಿ ಸಲ ವೈರು ಸಡಿಲ! ನೀನೇ ಸಡಿಲ ಮಾಡಿ ನೀನೇ ಬಿಗಿ ಮಾಡ್ತೀಯ. ನೀನಿಲ್ಲದೆ ನಡೆಯಲ್ಲ ಅಂತ ತೋರಿಸ್ಬೇಕು, ಅಲ್ವಾ?"

ವಿಚಾರಣೆ ಮುಗಿಯುವವರೆಗೆ ಬರಬೇಡ ಅಂತ ಕಳಿಸಿದರು. ಅವತ್ತೇ ಕಾವಲುಗಾರನ ಮೇಜಿಗೆ ಆ ಫೋಟೊ ಅಂಟಿದ್ದು. ನಾನು ಆಗ ನೋಡಿರಲಿಲ್ಲ. ಪಾಪ, ಆ ದಿನಗಳಲ್ಲಿ ನಾನು ಬರುವ ಹೊತ್ತಿಗೆ ಅವನು ಫೋಟೊಗೆ ಅಡ್ಡವಾಗಿ ರಿಜಿಸ್ಟರ್ ಪುಸ್ತಕ ಇಡುತ್ತಿದ್ದನಂತೆ.

ನಮ್ಮ ಗುಡಿಸುವವರ ಗುಂಪಿನಲ್ಲೂ ಅದೇ ಮಾತು. ನಾನು ಯಾರು ಅಂತ ಗೊತ್ತಿಲ್ಲವಲ್ಲ, ನನ್ನ ಮುಂದೆಯೇ ಆಡಿಕೊಂಡರು. "ಆ ಬಂತಾ ಸಾಮಾನ್ಯದವನಲ್ಲ ಕಣೇ. ತಾನೇ ಕೆಡಿಸಿ ತಾನೇ ರಿಪೇರಿ ಮಾಡೋನು." ನಾನು ಮಾಪು ಹಿಂಡುತ್ತಾ ಕೇಳಿಸಿಕೊಂಡೆ. ಅಲ್ಲ ಅನ್ನಲಿಲ್ಲ. ಬಾಯಿಗೆ ಬರಲಿಲ್ಲ ಅಂತಲ್ಲ. ನನಗೂ ಒಳಗೆ ಅನುಮಾನ ಇತ್ತು. ಹಳೆ ರಿಪೇರಿ ಅಂಗಡಿಯ ಯಜಮಾನ ಗಿರಾಕಿ ಮತ್ತೆ ಬರಲಿ ಅಂತ ಒಂದು ತಿರುಪನ್ನು ಬೇಕಂತಲೇ ಸಡಿಲ ಬಿಡುತ್ತಿದ್ದನಂತೆ. ಇವರೇ ಒಂದು ದಿನ ನಗುತ್ತಾ ಹೇಳಿದ್ದು. ಅದು ನೆನಪಿಗೆ ಬಂದು ಕೂತುಬಿಟ್ಟಿತು.

ಮನೆಗೆ ಬಂದು ಕೇಳಿಯೇಬಿಟ್ಟೆ. "ರೀ, ನಿಜ ಹೇಳಿ. ನೀವೇ ಮಾಡಿದ್ರಾ?"

ಅವರಿಗೆ ಕೋಪ ಬರಲಿಲ್ಲ. ಬಂದಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು. "ನೀನೂ ಮೊದಲನೇದರಲ್ಲೇ ನಿಂತುಬಿಟ್ಟೆಯಲ್ಲೇ" ಅಂದರು. "ಮನುಷ್ಯ ಆದ್ಮೇಲೆ ವೈರು ಅಂತ ಒಂದಿದೆ."

ಆಗಲೂ ನಾನು ಬಾಯಿ ಬಿಡಲಿಲ್ಲ. ವೈರು ಅಂದ ಕೂಡಲೇ ಮತ್ತೆ ಗಂಟಿನ ವಿಷಯಕ್ಕೆ ಬರುತ್ತಾರೆ, ನನ್ನ ತಲೆ ಮೇಲೆ ಹಾಕುತ್ತಾರೆ ಅಂತ ಅಡುಗೆಮನೆಗೆ ಹೋದೆ.

ಇವರು ಮನೆಯಲ್ಲಿದ್ದದ್ದು ನಾಲ್ಕು ದಿನ. ಮೊದಲನೇ ದಿನ ನಾನು ಹೋಗಿ ವೈರು ಬಿಗಿಯಾಗಿ ಕಟ್ಟಿದೆ, ಉಳಿದ ಮೂರು ದಿನ ಅದೇ ಗಂಟನ್ನು ಇನ್ನಷ್ಟು ಬಿಗಿ ಮಾಡಿದೆ. ಬಿಚ್ಚುವವರು ಇಲ್ಲ. ಪರದೆ ದಿನಕ್ಕೆ ಹತ್ತು ಸಲ ಹೋಯಿತಂತೆ. ನೋಡಿ, ಹೋಗುವಾಗ ಏನೋ ಹಾಕಿಟ್ಟು ಹೋಗಿದ್ದಾನೆ ಅಂದನಂತೆ ಕೀಲಿಕೈ ಸಾಹೇಬ.

ನಾಲ್ಕನೇ ದಿನ ಮಧ್ಯಾಹ್ನ ನಾನು ಕೆಲಸದಿಂದ ಬಂದಾಗ ಬಾಗಿಲ ಹತ್ತಿರ ಕೂತಿದ್ದರು. ಶೂ ಒರೆಸಲು ಕೂತವರು. ಒಂದು ಶೂ ಹೊಳೆಯುತ್ತಿತ್ತು. ಇನ್ನೊಂದಕ್ಕೆ ಬ್ರಷ್ ತಾಗಿರಲಿಲ್ಲ. ಗೋಡೆಗೆ ಒರಗಿದ್ದರು. ಡಾಕ್ಟರು ಬಂದು ಹೃದಯ ಅಂದರು. ಐವತ್ತೆರಡು ವರ್ಷ. ಇದಕ್ಕಿಂತ ಹೆಚ್ಚು ಬರೆಯಲು ನನ್ನ ಕೈಲಿ ಆಗುವುದಿಲ್ಲ.

ಸೂಪರ್‌ವೈಸರ್ ಮೇಡಂಗೆ ಮನೆಯಲ್ಲಿ ಸಾವು ಅಂತ ಮಾತ್ರ ಹೇಳಿ ಮೂರು ವಾರ ರಜೆ ತಗೊಂಡೆ. ಇವರ ಅಕ್ಕ ಬಂದು ನನ್ನ ಜೊತೆ ಇದ್ದರು. ಅವರದು ಕತ್ತಿಯಂಥ ನಾಲಿಗೆ. ತಮ್ಮ ಅಂದರೆ ಪ್ರಾಣ. ಹದಿನೆಂಟನೇ ದಿನ ಇವರ ಕೆಲಸದ ಚೀಲ ಬಿಚ್ಚಿದೆವು. ಸ್ಕ್ರೂಡ್ರೈವರು, ಟೆಸ್ಟರು, ಟಾರ್ಚು. ಪಕ್ಕದ ಜೇಬಿನಲ್ಲಿ ಒಂದು ಡಬ್ಬಿ. ಅದರೊಳಗೆ ಬಟ್ಟೆ ಪಟ್ಟಿಗಳು. ಒಂದೊಂದನ್ನೂ ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿ ಜೋಡಿಸಿಟ್ಟಿದ್ದರು. ಸಣ್ಣ ಹಳದಿ ಹೂವು.

"ಇದೇನಿದು, ದಿಂಬಿನ ಬಟ್ಟೆ?" ಅಂದರು ಅಕ್ಕ.

ಇಪ್ಪತ್ತು ವರ್ಷ ಆ ದಿಂಬಿನ ಮೇಲೆ ತಲೆ ಇಟ್ಟವರು. ಮೊದಲನೇ ದಿನ ಮೇಜಿನ ಕೆಳಗೆ ಟಾರ್ಚು ಬಿಟ್ಟಾಗಲೇ ಕಟ್ಟಿದ್ದು ಯಾರು ಅಂತ ಗೊತ್ತಾಗಿತ್ತು. ಊಟದ ಹೊತ್ತಿಗೆ ನನ್ನನ್ನು ಕೇಳಿದ್ದು ಗೊತ್ತಿಲ್ಲದೆ ಅಲ್ಲ. ನಾನು ಸುಳ್ಳು ಹೇಳಿದೆ. ಆಮೇಲೆ ಪ್ರತಿ ದಿನ ಎಂಟಕ್ಕೆ ಹೋಗಿ, ನನ್ನ ಗಂಟು ಬಿಚ್ಚಿ, ಪಟ್ಟಿಯನ್ನು ಯಾರಿಗೂ ಕಾಣದ ಹಾಗೆ ಮುಷ್ಟಿಯಲ್ಲಿ ಮುಚ್ಚಿ ತಂದಿದ್ದಾರೆ. ಕಸ ಅಂದಿದ್ದಾರೆ. ನಿಜ ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಆ ತಾರಸಿಯಿಂದ ಅವರು ಇಳಿಯಲೇ ಇಲ್ಲ.

ಅಕ್ಕನಿಗೆ ಎಲ್ಲ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡೆ. ಪಟ್ಟಿಗಳನ್ನು ಒಂದೊಂದಾಗಿ ಡಬ್ಬಿಗೆ ವಾಪಸ್ ಹಾಕಿದರು.

"ಈಗ ಏನು ಮಾಡ್ತೀಯ?"

"ಹೋಗಿ ಹೇಳ್ತೀನಿ ಅಕ್ಕಾ."

"ಹೇಳಿ? ಕೆಲಸ ಕಳ್ಕೊಂಡು ಏನು ತಿಂತೀಯ? ಸತ್ತೋನಿಗೆ ಹೆಸರು ಹೊಟ್ಟೆ ತುಂಬ್ಸುತ್ತಾ? ಅವನೇ ಬಾಯಿ ಬಿಡ್ಲಿಲ್ಲ, ನೀನ್ಯಾಕೆ ಬಿಡ್ತೀಯ?"

"ಮತ್ತೆ ಅವರು ಕಳ್ಳ ಅಂತ ಆಗಿಹೋಗುತ್ತಲ್ಲ."

"ನಂಗೆ ಗೊತ್ತು ಅವನು ಕಳ್ಳ ಅಲ್ಲ. ನಂಗೆ ಯಾವತ್ತೂ ಗೊತ್ತಿತ್ತು." ಅಷ್ಟು ಹೇಳಿ ನನ್ನ ಕಡೆ ನೋಡಿದರು. ನನಗೆ ಗೊತ್ತಿರಲಿಲ್ಲ ಅನ್ನುವುದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವರು ಮಾಡಿದ ದೊಡ್ಡ ಉಪಕಾರ ಅದು.

ಹೇಳಬಾರದು ಅಂತಲೇ ತೀರ್ಮಾನ ಮಾಡಿಕೊಂಡು ನಾನು ಕೆಲಸಕ್ಕೆ ಹೋದದ್ದು, ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಡಲಾಗದೆ ಚೀಲದಲ್ಲಿಟ್ಟುಕೊಂಡಿದ್ದೆ. ಫೋಟೊ ನೋಡಿದ ಮೇಲೆ ಆ ತೀರ್ಮಾನ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಗಂಡನ ಮುಖದ ಸುತ್ತ ಒರೆಸಿ, ಅದೇ ಕೈಯಲ್ಲಿ ಅನ್ನ ತಿನ್ನುವುದು ನನ್ನಿಂದ ಆಗದ ಕೆಲಸ.

ಒಂಬತ್ತು ಗಂಟೆಗೆ ಕೀಲಿಕೈ ಸಾಹೇಬನ ರೂಮಿಗೆ ಹೋದೆ. ಅಲ್ಲಿ ಇವರ ಜಾಗಕ್ಕೆ ಬಂದ ಹೊಸ ಹೆಂಗಸೂ ಇದ್ದಳು. ನಲವತ್ತರ ಹತ್ತಿರದವಳು, ಕಿವಿಯ ಮೇಲೆ ಪೆನ್ಸಿಲು.

"ದೊಡ್ಡ ರೂಮಿನ ಪರದೆ ಕೆಡಿಸಿದ್ದು ನಾನು ಸಾರ್" ಅಂದೆ.

"ನೀನ್ಯಾರು?"

"ಗುಡಿಸೋಳು. ಬಂತಾ ಅವರ ಹೆಂಡ್ತಿ."

ಕುರ್ಚಿ ಹಿಂದಕ್ಕೆ ತಳ್ಳಿದ. ಕೀಲಿಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. "ಓಹೋ! ಹೆಂಡ್ತಿನೂ ಇಲ್ಲೇ! ಇಬ್ಬರೂ ಸೇರಿ ಆಟ ಆಡಿದ್ರಿ ಅನ್ನು."

ಎಲ್ಲ ಹೇಳಿದೆ. ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಅವನು ಒಂದು ಪಟ್ಟಿಯನ್ನು ಎರಡು ಬೆರಳಲ್ಲಿ ಇಲಿ ಬಾಲ ಹಿಡಿದ ಹಾಗೆ ಎತ್ತಿ ನೋಡಿದ. "ಗಂಡನ ಹೆಸರು ಉಳಿಸೋಕೆ ಒಳ್ಳೆ ಕತೆ ಕಟ್ಟಿದ್ದೀಯ. ಅವನು ಹೋದ, ತೊಂದ್ರೆನೂ ಹೋಯ್ತು. ಮೂರು ವಾರದಿಂದ ಪರದೆ ಒಂದು ಸಲ ಕಣ್ಣು ಮಿಟುಕಿಸಿಲ್ಲ. ಇದಕ್ಕಿಂತ ಸಾಕ್ಷಿ ಬೇಕಾ?"

"ಮೂರು ವಾರದಿಂದ ನಾನೂ ಇರ್ಲಿಲ್ಲ ಸಾರ್. ಗಾಜು ಒರೆಸೋಳು ನನ್ನ ಬದಲಿಗೆ ಆ ರೂಮು ಗುಡಿಸಿದ್ದು. ಅವಳು ಸೋಮಾರಿ, ವೈರು ಎತ್ತಲ್ಲ."

ಕಿವಿಯ ಮೇಲಿನ ಪೆನ್ಸಿಲು ತೆಗೆದು ಹೊಸಬಳು ಬಾಯಿ ಹಾಕಿದಳು. "ಸಾರ್, ನಾನು ಬಂದು ಬದಲಾಯಿಸಿದ ಹಳೆ ವೈರು ಒಂದೇ ಜಾಗದಲ್ಲಿ ತಿರುಚಿ ಮುರಿದಿತ್ತು. ಹೇಳಿದ್ದೆನಲ್ಲ."

"ಅವನೇ ತಿರುಚಿರ್ತಾನೆ ಅಂತ ನಾನೂ ಹೇಳಿದ್ದೆನಲ್ಲ."

"ಹೋಗಿ ಕಟ್ಟಿ ನೋಡೋಣ ಸಾರ್. ಎರಡು ನಿಮಿಷ."

ಮೂವರೂ ದೊಡ್ಡ ರೂಮಿಗೆ ಹೋದೆವು. ಹೊಸಬಳು ತನ್ನ ಲ್ಯಾಪ್‌ಟಾಪು ಚುಚ್ಚಿದಳು. ಪರದೆ ಮೇಲೆ ಒಂದು ಹಸಿರು ಗುಡ್ಡ ಬಂತು. ನಾನು ಮೇಜಿನ ಕೆಳಗೆ ತೂರಿದೆ. ಅಲ್ಲಿ ಅಂಗೈ ಅಗಲದ ಜಾಗ, ಧೂಳಿನ ವಾಸನೆ. ಹನ್ನೊಂದು ವರ್ಷ ಅವರು ಕೂತ ಜಾಗ. ದಿನಾ ಕಟ್ಟುತ್ತಿದ್ದ ಹಾಗೆ ಕಟ್ಟಿದೆ. ಎರಡು ಗಂಟು. ಮೇಲಿನಿಂದ ಹೊಸಬಳು ವೈರನ್ನು ದೊಡ್ಡ ಸಾಹೇಬರ ಕುರ್ಚಿಯ ಕಡೆಗೆ ಎಳೆದಳು. ಎಳೆಯಲು ಸಡಿಲ ಸುರುಳಿ ಇಲ್ಲದೆ, ಸಾಕೆಟ್ಟಿನಲ್ಲಿದ್ದ ಪಿನ್ನು ಕೂದಲೆಳೆಯಷ್ಟು ಓರೆಯಾಗಿ ಹೊರಗೆ ಬಂತು. ನನ್ನ ಚೊಕ್ಕ ಕೆಲಸ ಏನು ಮಾಡುತ್ತಿತ್ತು ಅಂತ ಅವತ್ತು ಮೊದಲ ಸಲ ಕಣ್ಣಾರೆ ಕಂಡೆ.

ಪರದೆ ನನಗೆ ಕಾಣುತ್ತಿರಲಿಲ್ಲ. ಕೇಳಲೇಬೇಕಿತ್ತು. "ಬಂತಾ?" ಅಂದೆ.

ಮೇಲಿನಿಂದ ಕೀಲಿಕೈ ಸಾಹೇಬನ ದನಿ, ಸಣ್ಣಗೆ. "ಹೋಯ್ತು."

ನಾನು ಹೊರಗೆ ಬಂದೆ. ಅವನ ಅನುಮಾನ ಮುಗಿದಿರಲಿಲ್ಲ. "ನೀನೇ ಪಿನ್ನು ಎಳೆದಿರಬೇಕು."

"ಹಾಗಾದ್ರೆ ನೀವೇ ಕಟ್ಟಿ ಸಾರ್" ಅಂದಳು ಹೊಸಬಳು.

ಅವನು ಕೋಟು ಬಿಚ್ಚಿ ಕುರ್ಚಿಗೆ ಹಾಕಿದ. ಮಂಡಿಯೂರಿ, ಉಸ್ಸೆಂದು ಮೇಜಿನ ಕೆಳಗೆ ನುಗ್ಗಿದ. ಕೀಲಿಗೊಂಚಲು ಮೇಜಿನ ಕಾಲಿಗೆ ಸಿಕ್ಕಿಕೊಂಡಿತು, ಬೈದುಕೊಂಡ. ಹಳದಿ ಹೂವಿನ ಪಟ್ಟಿಯಿಂದ ಅವನೇ ಗಂಟು ಹಾಕಿದ. ನಾನು ಪರದೆಯ ಮುಂದೆ ನಿಂತಿದ್ದೆ. ಹೊಸಬಳು ಎಳೆದಳು. ಗುಡ್ಡ ಮಿಟುಕಿತು, ಆರಿತು.

"ಇದೆಯಾ?" ಅಂತ ಕೆಳಗಿನಿಂದ.

"ಹೋಯ್ತು ಸಾರ್."

ಅವನು ಗಂಟು ಬಿಚ್ಚಿ, ಪಿನ್ನು ಒಳಗೆ ತಳ್ಳಿದ. "ಈಗ?"

ಗುಡ್ಡ ಬಂದಿತ್ತು. ಹುಲ್ಲಿನ ಎಸಳು ಎಣಿಸುವಷ್ಟು ಚೆನ್ನಾಗಿ. ಇಲ್ಲ ಅಂದುಬಿಡೋಣ ಅನ್ನಿಸಿತು. ಒಂದು ಅರ್ಧ ಗಂಟೆ ಅಲ್ಲೇ ಮಂಡಿಯೂರಿ ಇರಲಿ ಇವನು. ಇನ್ನೂ ಇಲ್ಲ, ಇನ್ನೂ ಇಲ್ಲ ಅನ್ನಬಹುದಿತ್ತು. ಹೊಸಬಳೂ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬಂತು" ಅಂದೆ.

ಅವನು ಹೊರಬಂದಾಗ ಪ್ಯಾಂಟಿನ ಮಂಡಿಗೆಲ್ಲ ಧೂಳು. ಕೊಡವಿಕೊಳ್ಳಲೂ ಇಲ್ಲ. "ಒಂದು ಮಾತು ಹೇಳಿದ್ರೆ ಮುಗೀತಿತ್ತು. ಯಾಕೆ ಹೇಳ್ಲಿಲ್ಲ ಅವನು?"

"ನೀವು ಕೇಳಿದ್ದು ಚೀಲದಲ್ಲಿ ಏನು ಅಂತ. ವೈರು ಅಂತ ಅವರು ಹೇಳೇ ಹೇಳಿದ್ರು. ನೀವೂ ನಂಬ್ಲಿಲ್ಲ. ನಾನೂ ನಂಬ್ಲಿಲ್ಲ."

ಅವನು ಕೋಟು ಎತ್ತಿಕೊಂಡ. ಸಂಬಂಧ ಮುಚ್ಚಿಟ್ಟು ಕೆಲಸಕ್ಕೆ ಸೇರಿದ್ದು ತಪ್ಪು, ಗುತ್ತಿಗೆಯವರಿಗೆ ತಿಳಿಸಲೇಬೇಕು ಅಂದ. ತಿಳಿಸಿ ಅಂದೆ. ಫೋಟೊ ತೆಗೆಸುತ್ತೇನೆ ಅಂದ.

"ತೆಗೆಸೋದಲ್ಲ ಸಾರ್. ನೀವೇ ತೆಗೀರಿ."

ಕೆಳಗೆ ಬಂದು ಕಾವಲುಗಾರನ ಮುಂದೆ ಅವನೇ ಉಗುರಿನಿಂದ ಎಬ್ಬಿಸಿ ಎಳೆದ. ಅಂಟು ಗಟ್ಟಿಯಾಗಿತ್ತು. ಅಕ್ಷರ ಇದ್ದ ಕೆಳಗಿನ ಭಾಗ ಮೇಜಿಗೇ ಉಳಿಯಿತು. ಮುಖ ಪೂರ್ತಿ ಬಂತು, ಆ ಮುಂದಿನ ಕಿವಿಯೂ ಸೇರಿ. ನನ್ನ ಕೈಗೆ ಕೊಟ್ಟ.

ಉಳಿದ ಕಾಗದವನ್ನು ನಾನೇ ಬಿಸಿನೀರು ಹಾಕಿ ಉಜ್ಜಿ ತೆಗೆದೆ. ಆ ಕಟ್ಟಡದಲ್ಲಿ ನಾನು ಮಾಡಿದ ಕೊನೆಯ ಕೆಲಸ ಅದು. ಮರುದಿನದಿಂದ ಬರಬೇಡ ಅಂದರು. ಈಗ ಒಂದು ಶಾಲೆ ಗುಡಿಸುತ್ತೇನೆ. ಅಲ್ಲೂ ಒಂದು ಪರದೆ ಇದೆ, ಕೆಳಗೆ ವೈರು ಹಾವಿನ ಹಾಗೆ ಬಿದ್ದಿರುತ್ತದೆ. ಎತ್ತಿ ಕಟ್ಟು ಅಂದರು. ಆಗುವುದಿಲ್ಲ ಅಂದೆ. ಯಾಕೆ ಅಂತ ಕೇಳಿದವರಿಗೆ ಮೊದಲಿನಿಂದ ಹೇಳಿದೆ.